ಕಡೆಯ ಮೂವತ್ತು ಅಡಿ



ಪುಣೆಯಿಂದ ಲೋಣಾವಳಕ್ಕೆ ಹೋಗುವ ಲೋಕಲ್ ಗಾಡಿಯಲ್ಲಿ ಪ್ರಯಾಣ ಮಾಡಿದವರಿಗೆ ದೇಹೂ ರೋಡ್ ಎಂಬ ನಿಲ್ದಾಣದ ಹೆಸರು ಪರಿಚಿತವಾಗಿಯೇ ಇರುವುದು. ಸೇನೆಯ ಉಗ್ರಾಣಗಳಿಗೂ ದಂಡಿನ ವಸತಿಗಳಿಗೂ ಹೆಸರಾದ ಈ ಊರಿಗೆ ಹೊಸದಾಗಿ ಬಂದವರು, ಸಂತ ತುಕಾರಾಮರ ಜನ್ಮಭೂಮಿ ಇದೇ ಎಂದು ಭಾವಿಸಿ, ಗಾಡಿಯಿಂದಿಳಿದೊಡನೆ ಇಂದ್ರಾಯಣಿಯೆಲ್ಲಿ, ದೇವಾಲಯವೆಲ್ಲಿ ಎಂದು ಕೇಳುವುದುಂಟು. ಅವರಿಗೆ ನಾವು ಕೊಡುವ ಉತ್ತರ ಒಂದೇ: ಇದು ದೇಹೂ ಅಲ್ಲ, ದೇಹೂವಿಗೆ ಹೋಗುವ ದಾರಿ. ದೂರದ ಊರುಗಳಿಂದ ನಿರಾಯಾಸವಾಗಿ ರೈಲುಗಾಡಿಯಲ್ಲಿ ಬಂದ ಯಾತ್ರಿಕನು, ಕಡೆಯ ಕೆಲವೇ ಮೈಲಿಗಳಿಗಾಗಿ ನಿಲ್ದಾಣದ ಹೊರಗೆ ರಿಕ್ಷಾದವನೊಡನೆ ಚೌಕಾಶಿ ಮಾಡುತ್ತ ನಿಲ್ಲಬೇಕಾಗುವುದು.

ಈ ಊರಿನ ಹೆಸರಿನಲ್ಲಿ ಅಡಗಿರುವ ನೀತಿ ನನಗೆ ನಮ್ಮ ಮನೆಯಲ್ಲಿಯೇ ಅನುಭವಕ್ಕೆ ಬಂದಿತು. ನಮ್ಮ ಮಾಳಿಗೆಯ ಮೇಲಿರುವ ಛತ್ರಿ, ಅಂದರೆ ಡಿಶ್, ಆಗ್ನೇಯ ದಿಕ್ಕಿಗೆ ಮುಖ ಮಾಡಿ ನಿಂತಿದೆ. ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದ ನೇರಕ್ಕೆ ನಿಂತಿರುವ ಜಿಸ್ಯಾಟ್-15 ಎಂಬ ನಮ್ಮದೇ ಉಪಗ್ರಹದಿಂದ ದೂರದರ್ಶನದ ಫ್ರೀ ಡಿಶ್ ವಾಹಿನಿಗಳು ಹೊರಟು, ಆ ಅಗಾಧ ಶೂನ್ಯವನ್ನು ದಾಟಿ, ಮಳೆಗಾಲದ ಕೆಲವು ಗಳಿಗೆಗಳನ್ನುಳಿದು ಒಂದು ದಿನವೂ ತಪ್ಪದೆ, ನಮ್ಮ ಪಡಸಾಲೆಗೆ ಬಂದು ಸೇರುತ್ತವೆ. ಹೀಗೆ ಬಂದ ಚಂದನ ವಾಹಿನಿಯು ಪಡಸಾಲೆಯಿಂದ ನಮ್ಮ ಅವ್ವನ ಕೋಣೆಗೆ ಹೋಗಬೇಕಾದ ದೂರ ಮೂವತ್ತು ಅಡಿ. ನಡುವೆ ಇರುವುದು ಎರಡು ಗೋಡೆ. ಅಂತರಿಕ್ಷವನ್ನು ಗೆದ್ದ ಆ ಚಿತ್ರವು ಈ ಮೂವತ್ತು ಅಡಿಗಳನ್ನು ಗೆಲ್ಲಲು ನಮ್ಮ ಮನೆಯವರು ಪಟ್ಟ ಪಾಡೇ ಈ ದಿನದ ನನ್ನ ಭಾಷಣದ ವಸ್ತು.

ತಂತಿಯೊಂದನ್ನು ಎಳೆದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ದಂಡಿನ ಊರುಗಳಲ್ಲಿ ಬಹುಮಂದಿ ಪರರ ಗೋಡೆಗಳ ನಡುವೆ ಬಾಳುವವರು. ನೌಕರಿಯಲ್ಲಿರುವವರು ಸರಕಾರಿ ಕ್ವಾರ್ಟರ್ಸುಗಳಲ್ಲಿ ಇರುತ್ತಾರೆ. ನನ್ನಂತೆ ಲೆಕ್ಕಪತ್ರದ ಗುಮಾಸ್ತಿಕೆಯಿಂದ ನಿವೃತ್ತರಾದವರು ಕ್ವಾರ್ಟರ್ಸಿನ ಬೀಗದ ಕೈಯನ್ನು ಹಿಂದಿರುಗಿಸಿ ಬಾಡಿಗೆಯ ಮನೆಗಳನ್ನು ಹಿಡಿಯುತ್ತಾರೆ. ನಾವಿರುವುದು ಕರಿಕಲ್ಲಿನ ಹಳೆಯ ಮನೆ. ಗೋಡೆಯ ದಪ್ಪ ಒಂದೂವರೆ ಅಡಿ. ಮನೆಯ ಯಜಮಾನರು ಬೀಗದ ಕೈಯನ್ನು ನನ್ನ ಕೈಗೆ ಕೊಡುವಾಗ ಹಾಕಿದ ಷರತ್ತು ಒಂದೇ ಒಂದು: "ಭಿಂತೀಲಾ ಖಿಳಾ ಮಾರೂ ನಕಾ." ಗೋಡೆಗೆ ಮೊಳೆ ಹೊಡೆಯಬೇಡಿರಿ ಎಂದು ಅದರ ಅರ್ಥ. ಮೊಳೆಗೇ ಅನುಮತಿಯಿಲ್ಲದ ಮನೆಯಲ್ಲಿ ತೂತು ಕೊರೆದು ತಂತಿ ಹಾಯಿಸುವ ಮಾತನ್ನು ಯಾವ ಬಾಯಿಯಿಂದ ಆಡುವುದು? ಬಾಗಿಲುಗಳ ಮೂಲಕ ತಂತಿಯನ್ನು ಎಳೆದರೆ, ಕೋಲೂರಿ ನಡೆಯುವ ಎಂಬತ್ತರ ಮುದುಕಿಯ ಕಾಲಿಗೆ ಅದು ತೊಡಕುವುದು ನಿಶ್ಚಯ. ಆದುದರಿಂದ ನಿಸ್ತಂತು ಮಾರ್ಗವನ್ನೇ ನಾವು ಆಶ್ರಯಿಸಬೇಕಾಯಿತು.

ಅವ್ವನಿಗೂ ಆಕಾಶದಿಂದ ಇಳಿದು ಬರುವ ಚಿತ್ರಕ್ಕೂ ಇರುವ ನಂಟು ಇಂದಿನದಲ್ಲ. 1975ರ ಆಗಸ್ಟ್ 1ರಂದು ಸೈಟ್ ಎಂಬ ಹೆಸರಿನ ಪ್ರಯೋಗವೊಂದು ನಮ್ಮ ದೇಶದಲ್ಲಿ ಆರಂಭವಾಯಿತು. ಅಮೆರಿಕೆಯಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ತೋರಿಸುವ ಸಾಹಸವದು. ಕರ್ನಾಟಕದಲ್ಲಿ ಅದರ ಭಾಗ್ಯ ದೊರೆತದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ. ನಮ್ಮದು ಬಿಜಾಪುರ ಸೀಮೆಯ ಹಳ್ಳಿ. ಕೋಳಿಗೂಡಿಗೆ ಹೊದಿಸುವಂಥ ತಂತಿಯ ಬಲೆಯಿಂದ ಮಾಡಿದ, ಮೂರು ಮೀಟರು ಅಗಲದ ದೊಡ್ಡ ಛತ್ರಿಯೊಂದು ಶಾಲೆಯ ಅಂಗಳದಲ್ಲಿ ಬಾಯ್ದೆರೆದು ನಿಂತಿದ್ದುದೂ, ಸಂಜೆಯಾದೊಡನೆ ಊರಿನ ಹೆಂಗಸರು ಮಕ್ಕಳು ಚಾಪೆ ಕಂಬಳಿಗಳನ್ನು ಹಿಡಿದು ಬಂದು ಒಂದೇ ಪೆಟ್ಟಿಗೆಯ ಮುಂದೆ ಕೂಡುತ್ತಿದ್ದುದೂ ನನಗೆ ಚೆನ್ನಾಗಿ ನೆನಪಿದೆ. ಆ ಉಪಗ್ರಹವು ಒಂದು ಚಿತ್ರವನ್ನೂ ಎರಡು ಧ್ವನಿಗಳನ್ನೂ ಏಕಕಾಲಕ್ಕೆ ಸಾಗಿಸಬಲ್ಲದಾಗಿತ್ತಾದ್ದರಿಂದ, ಒಂದೇ ಚಿತ್ರಕ್ಕೆ ಒಂದು ಕಡೆ ಕನ್ನಡದ ಮಾತೂ ಇನ್ನೊಂದು ಕಡೆ ತೆಲುಗಿನ ಮಾತೂ ಜೋಡಿಯಾಗಲು ಸಾಧ್ಯವಿತ್ತು. 1976ರ ಜುಲೈ 31ರಂದು ಪ್ರಯೋಗದ ಅವಧಿ ಮುಗಿಯಿತು. ಉಪಗ್ರಹವು ತನ್ನ ಒಡೆಯರ ಕೆಲಸಕ್ಕೆ ಹಿಂದಿರುಗಿತು. ಅಂದು ಸಂಕೋಚವಿನ್ನೂ ಬಿಡದಿದ್ದ ನಮ್ಮ ಅವ್ವ, ಸೆರಗಿನ ಮರೆಯಿಂದ ನೋಡಿದ ಆ ಚಿತ್ರಗಳನ್ನು ಇಂದಿಗೂ ವರ್ಣಿಸುತ್ತಾಳೆ.

ನೌಕರಿಯ ನಿಮಿತ್ತ ದೇಹೂ ರೋಡಿಗೆ ಬಂದ ಮೇಲೆ ನಮಗೆ ದೂರದರ್ಶನ ದೊರೆತದ್ದು ಸಿಂಹಗಡದಿಂದ. ಮರಾಠರ ಇತಿಹಾಸದಲ್ಲಿ ತಾನಾಜಿಯ ಹೆಸರಿನೊಡನೆ ಬೆಸೆದುಕೊಂಡಿರುವ ಆ ಗಿರಿದುರ್ಗದ ನೆತ್ತಿಯ ಮೇಲೆ ಎದ್ದ ಪ್ರಸಾರಸ್ತಂಭದ ಕಡೆಗೆ, ಅಂದರೆ ನೇರ ದಕ್ಷಿಣಕ್ಕೆ, ಮೀನಿನ ಮುಳ್ಳಿನಂಥ ಆಂಟೆನಾವನ್ನು ತಿರುಗಿಸಿ ನಿಲ್ಲಿಸುತ್ತಿದ್ದೆವು. ಬರುತ್ತಿದ್ದುದು ಮರಾಠಿ, ಹಿಂದಿ. ಕನ್ನಡ ಬೇಕೆನಿಸಿದರೆ ರಾತ್ರಿಯ ಹೊತ್ತು ರೇಡಿಯೋದ ಕಿವಿ ಹಿಂಡಿ ಧಾರವಾಡವನ್ನು ಹುಡುಕಬೇಕಾಗಿತ್ತು. ಆ ರೇಡಿಯೋದ ವಿಷಯದಲ್ಲಿ ಒಂದು ವಿಶೇಷವನ್ನು ನಾವು ಅಂದು ಗಮನಿಸಿಯೇ ಇರಲಿಲ್ಲ. ಅದನ್ನು ಅಡಿಗೆಮನೆಯಲ್ಲಿಟ್ಟರೂ ಮಾತಾಡುತ್ತಿತ್ತು, ಹಿತ್ತಿಲಿಗೆ ಒಯ್ದರೂ ಮಾತಾಡುತ್ತಿತ್ತು. ಗೋಡೆಯೆಂಬುದೊಂದಿದೆ ಎಂಬ ಪರಿವೆಯೇ ಅದಕ್ಕೆ ಇರಲಿಲ್ಲ.

ಇದರ ರಹಸ್ಯವು ತರಂಗದ ಉದ್ದದಲ್ಲಿದೆ. ಧಾರವಾಡ ಆಕಾಶವಾಣಿಯು 765 ಕಿಲೋಹರ್ಟ್ಸ್ ಆವೃತ್ತಿಯಲ್ಲಿ ಪ್ರಸಾರ ಮಾಡುವ ಮಧ್ಯಮ ತರಂಗದ ಒಂದು ಅಲೆಗೂ ಮುಂದಿನ ಅಲೆಗೂ ನಡುವಣ ಅಂತರ ಸುಮಾರು 392 ಮೀಟರು. ಇಂಥ ಮಹಾತರಂಗದ ಮುಂದೆ ಒಂದೂವರೆ ಅಡಿಯ ಗೋಡೆಯು, ನದಿಯ ಪ್ರವಾಹದಲ್ಲಿ ನಾಟಿದ ಜಾಲಿಯ ಗೂಟದಂತೆ, ಲೆಕ್ಕಕ್ಕೇ ಬಾರದು. ಅದು ಸುತ್ತಿ ಬಳಸಿ ಒಳಗೆ ಬಂದೇ ಬರುತ್ತದೆ. ಆದರೆ ಚಿತ್ರವನ್ನು ಮನೆಯೊಳಗೆ ಒಯ್ಯುವ ಸಲಕರಣೆಗಳು ಬಳಸುವ ಅಲೆಗಳು ಬಹು ಸಣ್ಣವು. 2.4 ಗಿಗಾಹರ್ಟ್ಸಿನ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರು, ಎಂದರೆ ಒಂದು ಗೇಣಿಗೂ ಕಡಿಮೆ. 5 ಗಿಗಾಹರ್ಟ್ಸಿನದು ಆರು ಸೆಂಟಿಮೀಟರು. 60 ಗಿಗಾಹರ್ಟ್ಸಿನದು ಐದೇ ಮಿಲಿಮೀಟರು, ಒಂದು ಜೋಳದ ಕಾಳಿನಷ್ಟು. ಅಲೆ ಕಿರಿದಾದಷ್ಟೂ ಅದು ಹೊರಬಲ್ಲ ಚಿತ್ರದ ಭಾರ ಹೆಚ್ಚು. ಗೋಡೆಯನ್ನು ದಾಟುವ ಶಕ್ತಿಯಾದರೋ ಕಡಿಮೆ. ಹೆಚ್ಚು ಹೊರೆಯನ್ನು ಹೊರುವ ಎತ್ತು ಏರು ಹತ್ತದು, ಏರು ಹತ್ತುವ ಎತ್ತು ಹೆಚ್ಚು ಹೊರದು. ಇದು ಈ ಶಾಸ್ತ್ರದ ಸಾರ.

ಈ ಜೋಳದ ಕಾಳಿನಷ್ಟು ಕಿರಿದಾದ ಅಲೆಗಳನ್ನು ಲೋಕದಲ್ಲಿ ಮೊಟ್ಟಮೊದಲು ಹುಟ್ಟಿಸಿ ಪರೀಕ್ಷಿಸಿದವರಲ್ಲಿ ನಮ್ಮ ಜಗದೀಶಚಂದ್ರ ಬೋಸರು ಅಗ್ರಗಣ್ಯರೆಂಬುದನ್ನು ಇಲ್ಲಿ ಅಭಿಮಾನದಿಂದ ಸ್ಮರಿಸಬೇಕು. 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಅವರು ಕಣ್ಣಿಗೆ ಕಾಣದ ಅಲೆಗಳನ್ನು ಗೋಡೆಗಳ ಆಚೆಗೆ ಕಳುಹಿಸಿ ಗಂಟೆಯನ್ನು ಬಾರಿಸಿದರು. ಸಿಡಿಮದ್ದಿಗೆ ಕಿಡಿ ಹತ್ತಿಸಿದರು. ಐದು ಮಿಲಿಮೀಟರು ಉದ್ದದ ಅಲೆಗಳ ತನಕ ಅವರ ಪ್ರಯೋಗಗಳು ನಡೆದವು. ಅವರ ಕಾಲದಿಂದ ನೂರು ವರ್ಷಗಳಿಗೂ ಮಿಗಿಲಾಗಿ ಕಳೆದ ಮೇಲೆ, 2008ರಲ್ಲಿ, ಅದೇ 60 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಿತ್ರವನ್ನು ಸಾಗಿಸುವ ವೈರ್‌ಲೆಸ್‌ಎಚ್‌ಡಿ ಎಂಬ ಪದ್ಧತಿ ಸಿದ್ಧವಾಯಿತು. ಆದರೆ ಗಂಟೆಯನ್ನು ಒಮ್ಮೆ ಬಾರಿಸುವ ಮಾತೇ ಬೇರೆ, ಎಡೆಬಿಡದೆ ಚಿತ್ರದ ಧಾರೆಯನ್ನು ಹರಿಸುವ ಮಾತೇ ಬೇರೆ. ಈ ಪದ್ಧತಿಯು ಒಂದೇ ಕೋಣೆಯ ಒಳಗೆ ನಿರ್ಮಲವಾದ ಚಿತ್ರವನ್ನು ಕೊಡುತ್ತದೆ. ನಡುವೆ ಗೋಡೆ ಬಂದರೆ ಕೈಚೆಲ್ಲುತ್ತದೆ.

ಪೇಟೆಯ ಒಂದು ಅಂಗಡಿಯಿಂದ ನಾನು ಮೊದಲು ಕೊಂಡು ತಂದದ್ದು 2.4 ಗಿಗಾಹರ್ಟ್ಸಿನ ಹಳೆಯ ಮಾದರಿಯ ಜೋಡಿ ಪೆಟ್ಟಿಗೆಗಳನ್ನು. ಒಂದು ಕಳುಹಿಸುವ ಪೆಟ್ಟಿಗೆ, ಇನ್ನೊಂದು ಪಡೆಯುವ ಪೆಟ್ಟಿಗೆ. ಸೆಟ್‌ಟಾಪ್ ಬಾಕ್ಸಿನ ಹಳದಿ, ಕೆಂಪು, ಬಿಳಿ ಬಣ್ಣದ ಮೂರು ಪಿನ್ನುಗಳನ್ನು ಮೊದಲನೆಯದಕ್ಕೆ ಸಿಕ್ಕಿಸಿದೆ. ಎರಡನೆಯದನ್ನು ಅವ್ವನ ಕೋಣೆಯ ಹಳೆಯ ಟಿವಿಗೆ ಜೋಡಿಸಿದೆ. ಚಿತ್ರ ಬಂದಿತು. ಮನೆಯವರೆಲ್ಲರೂ ಹರ್ಷಪಟ್ಟೆವು. ಅರ್ಧ ಗಂಟೆ ಕಳೆದಿರಲಾರದು, ಅವ್ವನ ಕೋಣೆಯಿಂದ ಕೂಗು ಕೇಳಿಸಿತು. ಹೋಗಿ ನೋಡುತ್ತೇನೆ, ವಾರ್ತೆ ಓದುತ್ತಿದ್ದ ಹೆಣ್ಣುಮಗಳ ಮುಖದ ಮೇಲೆ ಓರೆಯಾದ ಪಟ್ಟೆಗಳು ಹರಿದಾಡುತ್ತಿವೆ. ಧ್ವನಿಯು ಜೇನುಹುಟ್ಟಿನ ಸದ್ದಾಗಿದೆ. ಒಂದು ನಿಮಿಷದ ಮೇಲೆ ತಾನಾಗಿಯೇ ಎಲ್ಲವೂ ಸರಿಹೋಯಿತು. ಮರುದಿನವೂ ಹಾಗೆಯೇ. ಮೂರನೆಯ ದಿನ ಕಾರಣವು ಗೊತ್ತಾಯಿತು. ಸೊಸೆಯು ಅಡಿಗೆಮನೆಯಲ್ಲಿ ಮೈಕ್ರೋವೇವ್ ಒಲೆಯನ್ನು ಹಚ್ಚಿ ಹಾಲು ಬಿಸಿ ಮಾಡುವ ಹೊತ್ತಿಗೆ ಸರಿಯಾಗಿ ಅವ್ವನ ಟಿವಿಗೆ ಗ್ರಹಣ ಹಿಡಿಯುತ್ತಿತ್ತು. ಆ ಒಲೆಯೂ 2.45 ಗಿಗಾಹರ್ಟ್ಸಿನ ಅಲೆಗಳಿಂದಲೇ ಹಾಲನ್ನು ಕಾಯಿಸುವುದು. ಅದರ ಬಾಗಿಲಿನ ಸಂದಿಯಿಂದ ಜಿನುಗುವ ಅಲ್ಪಾಂಶವೇ ನಮ್ಮ ಬಡ ಪೆಟ್ಟಿಗೆಯ ಪಿಸುಮಾತನ್ನು ಮುಳುಗಿಸಲು ಸಾಕಾಗಿತ್ತು. ಮನೆಯ ವೈಫೈ ಕೂಡ ಅದೇ ಓಣಿಯಲ್ಲಿ ಓಡಾಡುತ್ತಿತ್ತು. ಇದಲ್ಲದೆ, ಆ ಹಳೆಯ ಮಾದರಿಯ ಪೆಟ್ಟಿಗೆಗಳು ಚಿತ್ರವನ್ನು ಗುಪ್ತಲಿಪಿಯ ರಕ್ಷಣೆಯಿಲ್ಲದೆ ಬಟ್ಟಬಯಲಾಗಿಯೇ ಕಳುಹಿಸುವುದರಿಂದ, ಅಂಥದೇ ಪೆಟ್ಟಿಗೆಯುಳ್ಳ ನೆರೆಮನೆಯವರು ನಾವು ನೋಡುವುದನ್ನು ತಾವೂ ನೋಡಬಹುದಾಗಿತ್ತೆಂಬ ಸಂಗತಿಯೂ ಆಮೇಲೆ ತಿಳಿಯಿತು. ಚಂದನ ವಾಹಿನಿಯ ವಾರ್ತೆಯಲ್ಲಿ ಗೋಪ್ಯವೇನೂ ಇಲ್ಲದ ಕಾರಣ ನಾವು ಚಿಂತಿಸಲಿಲ್ಲ.

ಮಗನು ಎರಡನೆಯ ಜೋಡಿಯನ್ನು ತರಿಸಿದನು. ಇದು 5 ಗಿಗಾಹರ್ಟ್ಸಿನದು. ಎಚ್‌ಡಿಎಂಐ ತಂತಿಯನ್ನು ಕಚ್ಚಿಕೊಂಡು, ಚಿತ್ರವನ್ನು ಅಂಕಿಗಳಾಗಿ ಕಳುಹಿಸುವ ಜಾತಿಯದು. ಇದರ ಕೆಲಸವನ್ನು ಅರಿಯಬೇಕಾದರೆ ಒಂದು ಸಣ್ಣ ಲೆಕ್ಕವನ್ನು ಮಾಡಬೇಕು. ಪೂರ್ಣ ಎಚ್‌ಡಿ ಚಿತ್ರವೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಇಪ್ಪತ್ತು ಲಕ್ಷಕ್ಕೂ ಮಿಗಿಲಾದ ಚುಕ್ಕೆಗಳಿರುತ್ತವೆ. ಒಂದೊಂದು ಚುಕ್ಕೆಯ ಬಣ್ಣವನ್ನು ಹೇಳಲು 24 ಬಿಟ್ಟುಗಳು ಬೇಕು. ಇಂಥ ಚಿತ್ರಗಳು ಸೆಕೆಂಡಿಗೆ ಅರವತ್ತು ಬರುತ್ತವೆ. ಗುಣಿಸಿ ನೋಡಿದರೆ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್ಟುಗಳಾಯಿತು. ಇಷ್ಟು ಭಾರವನ್ನು ಹೊತ್ತು ಕಲ್ಲಿನ ಗೋಡೆಯನ್ನು ದಾಟುವುದು ಈ ಸಣ್ಣ ಪೆಟ್ಟಿಗೆಯಿಂದ ಆಗದ ಮಾತು. ಆದುದರಿಂದ ಅದು ಪ್ರತಿಯೊಂದು ಚಿತ್ರವನ್ನೂ ಇಡಿಯಾಗಿ ಕಳುಹಿಸದೆ, ಹಿಂದಿನ ಚಿತ್ರಕ್ಕೂ ಮುಂದಿನದಕ್ಕೂ ಆದ ವ್ಯತ್ಯಾಸವನ್ನು ಮಾತ್ರ ಕಳುಹಿಸುತ್ತದೆ. ವಾರ್ತೆ ಓದುವವರ ತುಟಿಯೂ ರೆಪ್ಪೆಯೂ ಅಲುಗುತ್ತವೆ. ಹಿಂದಿನ ಪರದೆ, ಮೇಜು, ಕೊರಳಿನ ಸರ ಇವೆಲ್ಲವೂ ಇದ್ದಲ್ಲಿಯೇ ಇರುತ್ತವೆ. ಇದ್ದಲ್ಲಿಯೇ ಇರುವುದನ್ನು ಮತ್ತೆ ಮತ್ತೆ ಹೇಳುವುದೇತಕ್ಕೆ? ಹೀಗೆ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆಗೆ ಭಾರವು ಇಳಿಯುತ್ತದೆ. ಚಿತ್ರದ ಈ ಪಾಡು ಸೀರೆಯ ಪಾಡಿನಂತೆ: ಇಲಕಲ್ಲ ಸೀರೆಯನ್ನು ಅಂಗಡಿಯಲ್ಲಿ ಮಡಿಸಿ ಕೊಟ್ಟರು. ಪಡಸಾಲೆಯಲ್ಲಿ ಬಿಚ್ಚಿ ಹರವಿದೆವು. ಗೋಡೆಯನ್ನು ದಾಟಿಸುವುದಕ್ಕಾಗಿ ಮತ್ತೊಮ್ಮೆ ಮಡಿಸಿ, ಅವ್ವನ ಕೋಣೆಯಲ್ಲಿ ಮತ್ತೊಮ್ಮೆ ಹರವಬೇಕು.

ಮಡಿಸುವುದಕ್ಕೂ ಹರವುವುದಕ್ಕೂ ಹೊತ್ತು ಹಿಡಿಯುತ್ತದೆಯಷ್ಟೆ. ನೆಲದಿಂದ ಹೊರಟ ಸಂಕೇತವು ಉಪಗ್ರಹಕ್ಕೆ ಏರಿ ನಮ್ಮ ಮಾಳಿಗೆಗೆ ಇಳಿಯಲು ತೆಗೆದುಕೊಳ್ಳುವ ಕಾಲ ಸುಮಾರು ಕಾಲು ಸೆಕೆಂಡು. ಈ ಮೂವತ್ತು ಅಡಿಗೆ ನಮ್ಮ ಪೆಟ್ಟಿಗೆಗಳು ಸೆಕೆಂಡಿನ ಹತ್ತನೆಯ ಒಂದು ಪಾಲನ್ನೋ ಅದಕ್ಕೂ ತುಸು ಹೆಚ್ಚನ್ನೋ ನುಂಗುತ್ತವೆ. ಎರಡು ಶಬ್ದಗಳ ನಡುವೆ ಸೆಕೆಂಡಿನ ಹತ್ತನೆಯ ಒಂದು ಪಾಲು ಅಂತರವಿದ್ದರೆ ಕಿವಿಯು ಅವನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದೆಂದು ಪ್ರತಿಧ್ವನಿಯ ಪಾಠದಲ್ಲಿ ನಾವೆಲ್ಲರೂ ಓದಿದ್ದೇವೆ. ಪಡಸಾಲೆಯ ಟಿವಿಯೂ ಕೋಣೆಯ ಟಿವಿಯೂ ಒಟ್ಟಿಗೆ ಮಾತಾಡತೊಡಗಿದಾಗ, ನಡುಬಾಗಿಲು ತೆರೆದಿದ್ದರೆ, ಭಾಗವತರ ಹಿಂದೆ ಹಿಮ್ಮೇಳದವರು ಎಳೆದಂತೆ ಒಂದೊಂದು ಮಾತೂ ಎರಡು ಸಲ ಕೇಳುವುದು. ಅವ್ವ ಇದನ್ನು ಮೊದಲ ದಿನವೇ ಹಿಡಿದಳು. "ತಮ್ಮಾ, ಅಲ್ಲಿ ಒಮ್ಮೆ ಹೇಳ್ತಾರ, ನನ್ನ ಖೋಲ್ಯಾಗ ಬಂದು ಮತ್ತೊಮ್ಮೆ ಹೇಳ್ತಾರ. ನನಗ ಕಿವಿ ಮಂದ ಅಂತ ಅವರಿಗ್ಯಾರು ಹೇಳಿದರು?" ಎಂದಳು. ಬಾಗಿಲನ್ನು ಮುಂದಕ್ಕೆ ಮಾಡಿದುದೇ ಇದಕ್ಕೆ ನಾವು ಕಂಡುಕೊಂಡ ಪರಿಹಾರ.

ಪೆಟ್ಟಿಗೆಯನ್ನು ಇಡುವ ಸ್ಥಳದ ವಿಷಯದಲ್ಲಿಯೂ ಒಂದೆರಡು ಪಾಠಗಳನ್ನು ಕಲಿತೆವು. ಮೊದಲು ಅದನ್ನು ಟಿವಿಯ ಹಿಂದೆ, ಕಬ್ಬಿಣದ ಅಲಮಾರಿಯ ಮಗ್ಗುಲಲ್ಲಿ ಇಟ್ಟಿದ್ದೆವು. ಲೋಹದ ಹಲಗೆಯು ಈ ಅಲೆಗಳನ್ನು, ಕನ್ನಡಿಯು ಬೆಳಕನ್ನು ಮರಳಿಸುವಂತೆ, ಬಂದ ದಾರಿಯಲ್ಲಿಯೇ ಅಟ್ಟುವುದು. ಪೆಟ್ಟಿಗೆಯನ್ನು ಅಲ್ಲಿಂದೆತ್ತಿ, ಎರಡು ಬಾಗಿಲುಗಳೂ ಒಂದೇ ಸಾಲಿನಲ್ಲಿ ಕಾಣುವಂತೆ ಎತ್ತರದ ಸ್ಟೂಲಿನ ಮೇಲೆ ಕೂರಿಸಿದಾಗ, ಅದುವರೆಗೆ ತಡವರಿಸುತ್ತಿದ್ದ ಚಿತ್ರವು ಸ್ಥಿರವಾಯಿತು. ಒಂದೂವರೆ ಅಡಿಯ ಕಲ್ಲನ್ನು ಭೇದಿಸುವುದಕ್ಕಿಂತ ಮರದ ಬಾಗಿಲಿನ ಮೂಲಕ ನುಸುಳುವುದು ಅಲೆಗೂ ಸುಲಭ.

ಹಿಂದೆ ನಮ್ಮ ತಂದೆಯವರು ರೇಡಿಯೋ ಕೇಳಬೇಕಾದರೆ ಅಂಚೆ ಕಚೇರಿಗೆ ಹೋಗಿ, ಹಣ ಕಟ್ಟಿ, ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ಕೇಳುವುದಕ್ಕೇ ಪರವಾನಗಿ ಬೇಕಾಗಿದ್ದ ಕಾಲವದು. ಇಂದು ನಾವು ಮನೆಯೊಳಗೆ ಒಂದು ಕಿರು ಪ್ರಸಾರಕೇಂದ್ರವನ್ನೇ ನಡೆಸುತ್ತಿದ್ದೇವೆ. ಅದೂ ಸೇನೆಯ ಉಗ್ರಾಣಗಳ ಊರಿನಲ್ಲಿ. ಇದು ನ್ಯಾಯಸಮ್ಮತವೇ ಎಂಬ ಶಂಕೆ ನನಗೆ ಬಾರದಿರಲಿಲ್ಲ. 2005ರ ಜನವರಿಯಲ್ಲಿ ಭಾರತ ಸರಕಾರವು 2.4 ಗಿಗಾಹರ್ಟ್ಸಿನ ಪಟ್ಟಿಯನ್ನೂ, 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸಿನ ಪಟ್ಟಿಯ ವಿಶಾಲ ಭಾಗವನ್ನೂ, ಶಕ್ತಿಯ ಮಿತಿಗೆ ಒಳಪಟ್ಟು, ಲೈಸೆನ್ಸಿನ ಹಂಗಿಲ್ಲದೆ ಬಳಸಬಹುದೆಂದು ಪ್ರಕಟಿಸಿದೆ. ಮೊದಲನೆಯದರಲ್ಲಿ ಪ್ರಸಾರಯಂತ್ರದ ಶಕ್ತಿಯು 1 ವ್ಯಾಟನ್ನು ಮೀರಕೂಡದು. ಸಲಕರಣೆಯ ಮಾದರಿಗೆ ಸರಕಾರದ ಅನುಮೋದನೆ ಇರಬೇಕೆಂಬ ನಿಯಮವೂ ಉಂಟು. ಆದುದರಿಂದ ಪರದೇಶದಿಂದ ಯಾರೋ ಚೀಲದಲ್ಲಿ ಹಾಕಿಕೊಂಡು ತಂದುಕೊಟ್ಟ ಪೆಟ್ಟಿಗೆಯನ್ನು ಸಿಕ್ಕಿಸುವ ಮೊದಲು ಯೋಚಿಸುವುದು ಒಳ್ಳೆಯದು.

ಇನ್ನು ರಿಮೋಟಿನ ಪ್ರಕರಣ. ಅದರಿಂದ ಹೊರಡುವುದು ಅವಗೆಂಪು ಬೆಳಕು. ಬೆಳಕಾದುದರಿಂದ ಗೋಡೆಯ ಆಚೆಗೆ ಅದು ಹೋಗದು. ಚಾನೆಲ್ಲು ಬದಲಿಸಬೇಕಾದಾಗಲೆಲ್ಲ ಮುದುಕಿಯು ಎದ್ದು ಪಡಸಾಲೆಗೆ ಬರುವುದಾದರೆ ನಮ್ಮ ಸಾಹಸವೆಲ್ಲವೂ ವ್ಯರ್ಥ. ಇದಕ್ಕೂ ಉಪಾಯವನ್ನು ಯಂತ್ರಕಾರರು ಮಾಡಿದ್ದಾರೆ. ಅವ್ವನ ಕೋಣೆಯ ಪೆಟ್ಟಿಗೆಯಲ್ಲಿ ಒಂದು ಕಣ್ಣಿದೆ. ಅದು ರಿಮೋಟಿನ ಮಿಣುಕನ್ನು ಕಂಡು, ರೇಡಿಯೋ ಅಲೆಯಾಗಿ ಮಾರ್ಪಡಿಸಿ ಪಡಸಾಲೆಗೆ ಹಿಂದಿರುಗಿಸುತ್ತದೆ. ಅಲ್ಲಿ ಸೆಟ್‌ಟಾಪ್ ಬಾಕ್ಸಿನ ಎದುರಿಗೆ ಅಂಟಿಸಿದ ಹೆಸರುಕಾಳಿನಷ್ಟು ದೀಪವೊಂದು ಅದನ್ನು ಮತ್ತೆ ಮಿಣುಕಿಸುತ್ತದೆ. ಪರಿಣಾಮವನ್ನು ಮಾತ್ರ ನಾವು ಮುಂದಾಲೋಚಿಸಿರಲಿಲ್ಲ. ಸಾಯಂಕಾಲ ನಾನು ಪಡಸಾಲೆಯಲ್ಲಿ ಕುಳಿತು ಹಿಂದಿಯ ವಾರ್ತೆಯನ್ನು ತದೇಕಚಿತ್ತದಿಂದ ನೋಡುತ್ತಿರುವಾಗ, ಯಾರೂ ಮುಟ್ಟದೆಯೇ ಚಾನೆಲ್ಲು ತಟಕ್ಕನೆ ಬದಲಾಗಿ ಚಂದನದ ಭಜನೆಯು ಪ್ರತ್ಯಕ್ಷವಾಗುವುದು. ಸೆಟ್‌ಟಾಪ್ ಬಾಕ್ಸು ಒಂದೇ. ಅದು ಒಂದು ಹೊತ್ತಿಗೆ ತೋರಿಸುವ ಚಾನೆಲ್ಲೂ ಒಂದೇ. ಅದರ ಲಗಾಮು ಈಗ ಎರಡು ಕೋಣೆಗಳ ಕೈಗೆ ಸಿಕ್ಕಿದೆ. ಅಂದಿನಿಂದ ಸಂಜೆ ಆರರಿಂದ ಎಂಟರ ತನಕ ನಮ್ಮ ಮನೆಯಲ್ಲಿ ನಡೆಯುವುದು ಅವ್ವನ ಆಳ್ವಿಕೆ. ನಾನು ನನ್ನ ವಾರ್ತೆಯನ್ನು ರೇಡಿಯೋದಲ್ಲಿ ಕೇಳುತ್ತೇನೆ.

ಶ್ರೋತೃಗಳೇ, ಇಷ್ಟೆಲ್ಲವನ್ನೂ ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನು ಮರೆಮಾಚುವುದು ಸಲ್ಲದು. ಮನೆ ನಿಮ್ಮದಾಗಿದ್ದು ಗೋಡೆ ಕೊರೆಯುವ ಸ್ವಾತಂತ್ರ್ಯ ನಿಮಗಿದ್ದರೆ, ತಂತಿಯನ್ನೇ ಎಳೆಯಿರಿ. ತಂತಿಗೆ ಹಾಲು ಕಾಯಿಸುವ ಒಲೆಯ ಭಯವಿಲ್ಲ, ಅಲಮಾರಿಯ ಅಡ್ಡಿಯಿಲ್ಲ. ಮೊಳೆಗೂ ಎಡೆಯಿಲ್ಲದ ಬಾಡಿಗೆಯ ಮನೆಯಲ್ಲಿಯೂ ಕ್ವಾರ್ಟರ್ಸಿನಲ್ಲಿಯೂ ಇರುವವರಿಗೆ ನಿಸ್ತಂತು ಪೆಟ್ಟಿಗೆಯು ನಿಜವಾದ ಉಪಕಾರಿ. ಆದರೆ ಅದನ್ನು ಕೊಳ್ಳಲು ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿಯೇ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಪೆಟ್ಟಿಗೆಯ ಮೇಲೆ ನೂರು ಅಡಿ, ಇನ್ನೂರು ಅಡಿ ಎಂದು ಅಚ್ಚು ಮಾಡಿರುವುದು ಬಯಲಿನ ಲೆಕ್ಕ. ನಿಮ್ಮ ಮನೆಯ ಗೋಡೆ ಎಷ್ಟು, ಅದು ಇಟ್ಟಿಗೆಯದೋ ಕಲ್ಲಿನದೋ ಕಾಂಕ್ರೀಟಿನದೋ ಎಂಬುದು ಮೊದಲನೆಯ ಪ್ರಶ್ನೆ. ಎರಡು ಕೋಣೆಗಳಲ್ಲಿ ಕಾಣಬೇಕಾದದ್ದು ಒಂದೇ ಚಿತ್ರವೋ, ಬೇರೆ ಬೇರೆ ಚಿತ್ರಗಳೋ ಎಂಬುದು ಎರಡನೆಯದು. ಬೇರೆ ಬೇರೆ ಬೇಕೆಂಬುದಾದರೆ ಯಾವ ನಿಸ್ತಂತು ಪೆಟ್ಟಿಗೆಯೂ ಅದನ್ನು ಕೊಡಲಾರದು. ಇನ್ನೊಂದು ಸೆಟ್‌ಟಾಪ್ ಬಾಕ್ಸನ್ನೇ ತಂದು, ಛತ್ರಿಯ ಮೇಲೆ ಎರಡು ಬಾಯಿಯ ಎಲ್‌ಎನ್‌ಬಿಯನ್ನು, ಅಂದರೆ ಛತ್ರಿಯು ಕೂಡಿಸಿದ ಸಂಕೇತವನ್ನು ಹಿಡಿಯುವ ಕೊಂಬನ್ನು, ಹಾಕಿಸಬೇಕು. ಫ್ರೀ ಡಿಶ್ಶಿಗೆ ತಿಂಗಳ ಬಾಡಿಗೆಯಿಲ್ಲವಾದ್ದರಿಂದ ಅದರ ಖರ್ಚು ಒಂದು ಸಲದ್ದು ಮಾತ್ರ.

ನಾನು ಈ ಎರಡು ಪ್ರಶ್ನೆಗಳನ್ನು ಕೇಳಿಕೊಂಡದ್ದು ಎರಡು ಜೋಡಿ ಪೆಟ್ಟಿಗೆಗಳನ್ನು ಕೊಂಡ ಮೇಲೆ. ನೀವು ಮೊದಲೇ ಕೇಳಿಕೊಳ್ಳಿರಿ.